ಹೊಡೆದು ಹಾಕಿದ ಪದಗಳ ಕೂಲಿ

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಬರೆದು ಬದುಕುವವಳು. ಹೀಗೆಂದ ಕೂಡಲೇ ಜನ ಕೇಳುವುದು, "ಎಷ್ಟು ಪುಸ್ತಕ ಬಂದಿದೆ?" ಒಂದೂ ಬಂದಿಲ್ಲ. ಆದರೆ ನಮ್ಮ ಊರಲ್ಲಿ ನೀವು ಹೊಸ ಮಿಕ್ಸರ್ ತಂದು ಡಬ್ಬ ಬಿಚ್ಚಿದರೆ, ಅದರೊಳಗಿನ ಚೀಟಿ ಬರೆದವಳು ಅವಳು. ಶಾಲೆಯ ವಾರ್ಷಿಕ ವರದಿ ಅವಳದು. ಸಂಘದ ಅಧ್ಯಕ್ಷರು ಎದೆಯುಬ್ಬಿಸಿ ಮಾಡುವ ಭಾಷಣ ಅವಳದು, ಆ ಅಧ್ಯಕ್ಷರನ್ನು ಸೋಲಿಸಿ ಬಂದ ಹೊಸ ಅಧ್ಯಕ್ಷರ ಭಾಷಣವೂ ಅವಳದೇ. ಹೆಸರು ಮಾತ್ರ ಎಲ್ಲೂ ಇಲ್ಲ. ಅದರ ಬಗ್ಗೆ ಅವಳಿಗೆ ಎಳ್ಳಷ್ಟೂ ಬೇಸರವಿಲ್ಲ. "ಹೆಸರು ಕೊಟ್ರೆ ಅಂಗಡಿಯವನು ಅಕ್ಕಿ ಕೊಡ್ತಾನಾ?" ಎನ್ನುತ್ತಾಳೆ.

ಮೊದಲು ಅವಳು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಳು. ಪ್ರೆಸ್ಸು ಮುಚ್ಚಿದ ದಿನ ಒಂದು ಡಬ್ಬ ಕೆಂಪು ಪೆನ್ನು ಹಿಡಿದು ಮನೆಗೆ ಬಂದು, ನಮ್ಮ ಊಟದ ಮೇಜಿನ ಕಿಟಕಿ ಪಕ್ಕದ ತುದಿಯನ್ನು ಹಿಡಿದುಕೊಂಡಳು. ಅಂದಿನಿಂದ ನಮಗೆಲ್ಲ ಮುಕ್ಕಾಲು ಮೇಜಿನಲ್ಲೇ ಊಟ. ಅಕ್ಕಪಕ್ಕದವರಿಗೆ ಮಾತ್ರ ಅವಳು ಕೆಲಸ ಮಾಡುತ್ತಿದ್ದಾಳೆ ಎಂದು ಕೊನೆಗೂ ಹೊಳೆಯಲಿಲ್ಲ. "ಹೇಗೂ ಮನೇಲೇ ಇರ್ತೀರಲ್ಲ" ಎಂದು ಬೀಗದ ಕೈ ಕೊಟ್ಟು ಹೋಗುತ್ತಿದ್ದರು. ಅವಳ ಪೆನ್ನಿನ ಡಬ್ಬದಲ್ಲಿ ಪೆನ್ನಿಗಿಂತ ಕಂಡವರ ಮನೆಯ ಕೀಲಿಗಳೇ ಹೆಚ್ಚು.

ಈ ಕಸುಬಿನಲ್ಲಿ ಕೂಲಿ ಪದಕ್ಕೆ ಇಷ್ಟು ಎಂದು. ಯಾರು ಮಾಡಿದ ನಿಯಮವೋ, ಅವರ ಕೈಗೆ ಅತ್ತೆಯಂಥವಳು ಸಿಕ್ಕಿರಲಿಲ್ಲ. ಹೆಚ್ಚಿನ ಪದ ಕಂಡರೆ ಇವಳಿಗೆ ಮೈಯೆಲ್ಲ ಉರಿ. ಬರೆಯುವುದು ಒಂದು ದಿನ, ಬರೆದದ್ದನ್ನು ಹೊಡೆದು ಹಾಕುವುದು ಮೂರು ದಿನ. ಕಡೆಗೆ ಉಳಿಯುವುದು ಅಂಗೈಯಗಲದ ಬರಹ, ಅದಕ್ಕೆ ಸಿಗುವುದು ಅಂಗೈ ಕೂಡ ತುಂಬದಷ್ಟು ದುಡ್ಡು. ಕಬ್ಬಿಣ, ಹಗ್ಗ, ಬಣ್ಣದ ಅಂಗಡಿ ಇಟ್ಟಿರುವ ಅಪ್ಪ ಇದನ್ನು ನೋಡಿ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದ.

"ನಾನು ಹಗ್ಗ ಅಳೆದು ಮಾರ್ತೀನಿ. ನೀನು ಚೆನ್ನಾಗಿರೋ ಹಗ್ಗಾನ ಕತ್ತರಿಸಿ ಬಿಸಾಕಿ, ಮಿಕ್ಕ ತುಂಡಿಗೆ ದುಡ್ಡು ಕೇಳ್ತೀಯ. ಹೀಗೂ ಒಂದು ವ್ಯಾಪಾರ ಉಂಟಾ, ಪುಟ್ಟಿ?"

ಪುಟ್ಟಿಗೆ ಐವತ್ತು ದಾಟಿದೆ.

ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ಕಾಗದದ ಮೇಲೆ ಒಂದು ಪದ ಹೆಚ್ಚಾದರೆ ಸಹಿಸದವಳು, ದುಡ್ಡಿನ ಮಾತು ಬಂದರೆ ಸಾಕು, ಬಾಯಿಗೆ ಕಡಿವಾಣವೇ ಇರುತ್ತಿರಲಿಲ್ಲ. "ಇಷ್ಟಾಗುತ್ತೆ. ಹೆಚ್ಚು ಅನ್ಸಿದ್ರೆ ಹೇಳಿ. ಅರ್ಧ ಕೊಟ್ರೂ ನಡೆಯುತ್ತೆ. ಈಗ್ಲೇ ಬೇಕು ಅಂತೇನಿಲ್ಲ, ನೀವೇನು ಓಡಿ ಹೋಗ್ತೀರಾ." ಇಷ್ಟೂ ಒಂದೇ ಉಸಿರಿನಲ್ಲಿ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವನ ಪರವಾಗಿ ಅತ್ತೆಯೇ ಚೌಕಾಸಿ ಮಾಡಿ ಮುಗಿಸಿರುತ್ತಿದ್ದಳು. ಗಿರಾಕಿಗಳು ಒಳ್ಳೆಯವರು, ಅವಳ ಮಾತು ಮೀರುತ್ತಿರಲಿಲ್ಲ. ಅರ್ಧವೇ ಕೊಡುತ್ತಿದ್ದರು, ಅದೂ ನಿಧಾನವಾಗಿ. ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಹೀಗಿರುವಾಗ ಅಪ್ಪನ ಅಂಗಡಿಯಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದ ಹಿರಿಯರು ಕೆಲಸ ಬಿಡುತ್ತೇನೆ ಎಂದರು. ಅಪ್ಪನಿಗೆ ಒಳಗೊಳಗೇ ಖುಷಿ. ತಂಗಿ ಕೂರಲಿ ಎಂದು ಆ ಕುರ್ಚಿಗೆ ಹೊಸ ದಿಂಬು ಬೇರೆ ತಂದ.

"ತಿಂಗಳಿಗೆ ಸರಿಯಾಗಿ ಸಂಬಳ. ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಬಂದು ಕೂತ್ಕೋ," ಎಂದ.

ಅಪ್ಪನ ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಕಷ್ಟ. ಜಗಳವಾಡಲಿಕ್ಕೂ ಬರುವಂತಿರಲಿಲ್ಲ. ಅತ್ತೆ ಕಾಫಿ ಮುಗಿಸಿ ಲೋಟ ಕೆಳಗಿಟ್ಟು, "ಈ ತಿಂಗಳ ಮನೆ ಖರ್ಚಲ್ಲಿ ನನ್ನ ಪಾಲು ಪೂರ್ತಿ ಕೊಟ್ರೆ ನೀನು ಬೇರೆಯವರನ್ನ ಹುಡುಕು. ಕೊಡಕ್ಕಾಗ್ಲಿಲ್ಲ ಅಂದ್ರೆ ಬರ್ತೀನಿ," ಎಂದಳು. ಆಮೇಲೆ ಲೋಟ ತೊಳೆಯುತ್ತ ನನಗೊಬ್ಬಳಿಗೇ ಕೇಳುವಂತೆ, "ಕೆಟ್ಟ ಕೆಲಸ ಏನಲ್ಲ ಕಣೇ. ಆದ್ರೆ ಅಲ್ಲಿ ಕೂತೆ ಅಂದ್ರೆ ನಾನು ಮತ್ತೆ ಬರೆಯಲ್ಲ. ನನಗೆ ಗೊತ್ತು," ಎಂದಳು. ಯಾವತ್ತೂ ನಗುತ್ತಲೇ ಮಾತಾಡುವವಳು ಅವತ್ತು ನಗಲಿಲ್ಲ.

ಅದೃಷ್ಟಕ್ಕೆ ಆ ವಾರವೇ ದೊಡ್ಡ ಕೆಲಸವೊಂದು ಬಂತು. ಊರ ಹೊರಗೆ ನೀರಿನ ಪಂಪ್ ಮಾಡುವ ಕಾರ್ಖಾನೆಯಿದೆ. ಕೆಳಗಿನ ತೊಟ್ಟಿಯಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಸಣ್ಣ ಪಂಪ್, ನಮ್ಮ ಮನೆಯಲ್ಲೂ ಅದೇ ಇರುವುದು. ಪಂಪಿನ ಜೊತೆ ಒಂದು ದಪ್ಪ ಪುಸ್ತಕ ಬರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಓದದೆ ಪಂಪು ಸುಡುತ್ತಾರೆ, ಸುಟ್ಟು ಕಾರ್ಖಾನೆಗೆ ಫೋನ್ ಮಾಡಿ ಬೈಯುತ್ತಾರೆ. ಜನ ಓದುವ ಹಾಗೆ ಅದನ್ನು ಹೊಸದಾಗಿ ಬರೆದುಕೊಡಿ, ಪದಕ್ಕೆ ಇಷ್ಟು ಕೊಡುತ್ತೇವೆ ಎಂದ ಅಲ್ಲಿನ ಮ್ಯಾನೇಜರ್. ಅಪ್ಪ ಹಳೆಯ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ, "ಇದು ಕೆಲಸ ಅಂದ್ರೆ. ಒಂದು ಪದಾನೂ ಬಿಡಬೇಡ," ಎಂದು ಕಟ್ಟಪ್ಪಣೆ ಮಾಡಿದ.

ಅತ್ತೆ ಪುಸ್ತಕ ಮುಚ್ಚಿಟ್ಟು ಕಾರ್ಖಾನೆಗೆ ಹೋದಳು. ಅಲ್ಲಿ ದೂರು ಕೇಳಿಸಿಕೊಳ್ಳಲು ಒಬ್ಬ ಹೆಂಗಸಿದ್ದರು. ಎಲ್ಲರೂ ಅವರನ್ನು ಫೋನಕ್ಕ ಎನ್ನುತ್ತಿದ್ದರು. ಅವರ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತು, ಇಡೀ ವಾರ ಜನರ ಬೈಗುಳ ಕೇಳಿಸಿಕೊಂಡಳು. ಬೈಗುಳ ನೂರಾರು ಬಗೆಯವು, ತಪ್ಪು ಮಾತ್ರ ಎರಡು ಮೂರೇ. ಪಂಪಿಗೆ ಮೊದಲು ನೀರು ತುಂಬಿಸದೆ ಸ್ವಿಚ್ ಹಾಕುತ್ತಾರೆ. ಪೈಪಿನಲ್ಲಿ ಗಾಳಿ ತುಂಬಿಕೊಂಡರೂ ನೀರು ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾಯುತ್ತ ಕೂರುತ್ತಾರೆ. ಸುಟ್ಟ ವಾಸನೆ ಬಂದ ಮೇಲೂ ನಿಲ್ಲಿಸುವುದಿಲ್ಲ. ಅತ್ತೆ ಮನೆಗೆ ಬಂದು ಬರೆದಳು, ಹೊಡೆದು ಹಾಕಿದಳು, ಮತ್ತೆ ಹೊಡೆದು ಹಾಕಿದಳು. ಆ ದಪ್ಪ ಪುಸ್ತಕ ಒಂದು ಹಾಳೆಯಾಯಿತು. "ಮೊದಲು ನೀರು ತುಂಬಿಸಿ. ಆಮೇಲೆ ಸ್ವಿಚ್ ಹಾಕಿ" ಎಂದು ಶುರುವಾಗುವ ಹಾಳೆ, ಪಂಪಿನ ಮೈಮೇಲೇ ಅಂಟಿಸುವಂಥದ್ದು. ನನಗೂ ಅರ್ಥವಾಯಿತು ಎಂದರೆ ಇನ್ನು ಹೇಳಬೇಕಾದ್ದಿಲ್ಲ.

ಮ್ಯಾನೇಜರ್ ಪದ ಎಣಿಸಿದ. ಲೆಕ್ಕಕ್ಕೆ ಬಂದ ದುಡ್ಡು ಅವಳು ಬಸ್ಸಿಗೆ ಕೊಟ್ಟದ್ದಕ್ಕೂ ಸಾಲುವಂತಿರಲಿಲ್ಲ. ಅವನೂ ಪಾಪ ಕೆಟ್ಟವನಲ್ಲ. "ಮೇಡಂ, ಸ್ವಲ್ಪ ಉದ್ದ ಮಾಡಿ ಕೊಡಿ. ನಿಮಗೂ ದುಡ್ಡು, ನಮಗೂ ಕೊಟ್ಟಿದ್ದಕ್ಕೆ ಸಮಾಧಾನ," ಎಂದು ಉಪಾಯ ಹೇಳಿಕೊಟ್ಟ.

ಮನೆಯಲ್ಲಿ ಎಲ್ಲರೂ ಮ್ಯಾನೇಜರ್ ಕಡೆಗೇ. ಪ್ರತಿ ವಾಕ್ಯದ ಮೊದಲಿಗೆ ಒಂದು "ದಯವಿಟ್ಟು" ಸೇರಿಸು ಎಂದೆ ನಾನು. ನೀರಿನ ಮಹತ್ವದ ಮೇಲೆ ಎರಡು ಪುಟ ಬರಲಿ ಎಂದ ಅಪ್ಪ. ತಿಂಗಳು ಮುಗಿಯುತ್ತ ಬಂದಿತ್ತು, ಅತ್ತೆ ಹಲ್ಲು ಕಚ್ಚಿ ಎಂಟು ಪುಟ ಬರೆದಳು. ಅಮ್ಮನನ್ನು ಕೂರಿಸಿಕೊಂಡು ಓದಿದಳು. ಅಮ್ಮ ಎರಡನೆಯ ಪುಟದಲ್ಲಿ ಹಾಲು ನೋಡಿ ಬರುತ್ತೇನೆ ಎಂದು ಎದ್ದು ಹೋದವಳು ತಿರುಗಿ ಬರಲಿಲ್ಲ. ಒಲೆಯ ಮೇಲೆ ಹಾಲೇ ಇರಲಿಲ್ಲ.

"ಅತ್ತಿಗೆ, ಇದನ್ನ ಓದಿದ ಮೇಲೆ ಪಂಪ್ ಹಾಕೋಕೆ ಗೊತ್ತಾಗುತ್ತಾ?" ಎಂದು ಅತ್ತೆ ಅಡುಗೆಮನೆಗೆ ಕೂಗಿ ಕೇಳಿದಳು.

"ಮೊದಲು ಗೊತ್ತಿತ್ತು. ಈಗ ಭಯ ಆಗ್ತಿದೆ," ಎಂದಳು ಅಮ್ಮ.

ಅತ್ತೆ ಎಂಟೂ ಪುಟ ಹರಿದು ಕಸದ ಬುಟ್ಟಿಗೆ ಹಾಕಿದಳು. "ಒಳ್ಳೇದನ್ನ ಕೆಡಿಸಿ ಕೊಟ್ಟು ದುಡ್ಡು ತಗೊಳ್ಳಲ್ಲ. ಒಳ್ಳೇದು ಕೊಟ್ಟು ಬಿಟ್ಟಿಯಾಗೂ ಬಿಡಲ್ಲ. ನಾಳೆ ಕಾರ್ಖಾನೆ ಯಜಮಾನರನ್ನೇ ಕೇಳ್ತೀನಿ," ಎಂದಳು. ಕೇಳುವ ಅಭ್ಯಾಸಕ್ಕೆ ಅಮ್ಮನನ್ನೇ ಯಜಮಾನರಾಗಿ ಕೂರಿಸಿದೆವು. ಅತ್ತೆ ಮೊತ್ತ ಹೇಳಿ ಎಂದಿನಂತೆ ಅರ್ಧಕ್ಕೆ ಇಳಿಯುವಷ್ಟರಲ್ಲಿ ಅಮ್ಮ, "ಅಯ್ಯೋ ಪಾಪ, ಅಷ್ಟು ಕಮ್ಮಿ ಬೇಡ, ಇನ್ನೂ ಸ್ವಲ್ಪ ತಗೊಳ್ಳಿ," ಎಂದುಬಿಟ್ಟಳು. ಇಂಥ ಯಜಮಾನರು ಸಿಕ್ಕಿದ್ದರೆ ನಮಗೆ ಅಭ್ಯಾಸವೇ ಬೇಕಿರಲಿಲ್ಲ.

ಮರುದಿನ ಸ್ಕೂಟರಿನಲ್ಲಿ ನಾನೇ ಕರೆದುಕೊಂಡು ಹೋದೆ. ಕಾರ್ಖಾನೆಯ ಮೆಟ್ಟಿಲ ಮೇಲೆ ನಿಲ್ಲಿಸಿ, "ಅತ್ತೆ, ಮೊತ್ತ ಹೇಳು, ಬಾಯಿ ಮುಚ್ಚು. ಅದರ ಮುಂದೆ ಬರೋದೆಲ್ಲ ಹೆಚ್ಚಿನ ಪದ," ಎಂದೆ. ಅವಳು ನನ್ನನ್ನು ಹೊಸದಾಗಿ ನೋಡಿದವಳಂತೆ ನೋಡಿದಳು. ಅಂಗಳದಲ್ಲಿ ರಿಪೇರಿಯವರೆಲ್ಲ ಕೂತು ಕೇರಂ ಆಡುತ್ತಿದ್ದರು.

ಒಳಗೆ ಯಜಮಾನರು ಆ ಕೇರಂ ಬಗ್ಗೆಯೇ ಮ್ಯಾನೇಜರ್ ಮೇಲೆ ಹರಿಹಾಯುತ್ತಿದ್ದರು. "ನಾಲ್ಕು ದಿನದಿಂದ ಒಬ್ಬನೂ ರಿಪೇರಿಗೆ ಹೋಗಿಲ್ಲ. ಸಂಬಳ ತಗೊಂಡು ಆಟ ಆಡ್ತಾ ಇದ್ದಾರೆ."

"ಫೋನಕ್ಕನ್ನ ಕರೆಸಿ ಕೇಳಿ," ಎಂದಳು ಅತ್ತೆ.

ಫೋನಕ್ಕ ಬಂದು ವಿಷಯ ಹೇಳಿದರು. ಅತ್ತೆ ಬರೆದ ಹಾಳೆಯ ಒಂದು ಪ್ರತಿ ಅವರ ಮೇಜಿನ ಮೇಲೆ ಉಳಿದಿತ್ತಂತೆ. "ಯಾರು ಫೋನ್ ಮಾಡಿದ್ರೂ ಅದನ್ನೇ ಓದಿ ಹೇಳ್ತೀನಿ ಸಾರ್. ಅಲ್ಲೇ ಸರಿ ಮಾಡ್ಕೋತಾರೆ. ಇವರನ್ನ ಕಳಿಸೋದಾದ್ರೂ ಎಲ್ಲಿಗೆ?"

ಯಜಮಾನರು ಹಾಳೆ ತರಿಸಿ ಓದಿದರು. ಓದಲು ಎಷ್ಟು ಹೊತ್ತು, ಒಂದು ಗುಟುಕು ಕಾಫಿ ಕುಡಿದಷ್ಟು. "ಚೆನ್ನಾಗಿದೆ. ಆದ್ರೆ ಇಷ್ಟೇ ಇಷ್ಟಿದೆಯಲ್ಲ ಅಮ್ಮಾ," ಎಂದರು.

"ಕಟಿಂಗ್ ಮಾಡಿಸ್ಕೊಂಡು ಬಂದ ಹಾಗಿದೆ," ಎಂದಳು ಅತ್ತೆ. ಅವರ ಕತ್ತಿನ ಮೇಲೆ ಇನ್ನೂ ಪೌಡರ್ ಇತ್ತು.

"ಹೂಂ, ಬೆಳಿಗ್ಗೆ."

"ಅವನಿಗೆ ದುಡ್ಡು ಕೊಟ್ಟಿದ್ದು ತೆಗೆದ ಕೂದಲಿಗೋ, ಉಳಿದ ಕೂದಲಿಗೋ?"

ಮ್ಯಾನೇಜರ್ ಕೆಮ್ಮಿದ. ಯಜಮಾನರ ತಲೆಯಲ್ಲಿ ಉಳಿದದ್ದೇ ಕಿವಿಯ ಸುತ್ತ ಒಂದಿಷ್ಟು. ಅವರು ಬೋಳುತಲೆಯನ್ನು ನಿಧಾನವಾಗಿ ಸವರಿಕೊಂಡು, "ಉಳಿದಿದ್ದಕ್ಕೆ ಅಂದ್ರೆ ಅವನೇ ನನಗೆ ಚಿಲ್ಲರೆ ವಾಪಸ್ ಕೊಡಬೇಕಿತ್ತು," ಎಂದು ಹೊಟ್ಟೆ ಕುಲುಕಿಸಿ ನಕ್ಕರು. ಕೇರಂ ಆಡುತ್ತಿದ್ದವರು ಕೂಡ ತಲೆಯೆತ್ತಿ ನೋಡಿದರು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಸರಿ, ಪದದ ಲೆಕ್ಕ ಬಿಡಿ. ಎಷ್ಟು ಕೊಡಬೇಕು, ನೀವೇ ಹೇಳಿ," ಎಂದರು.

ಅತ್ತೆ ಮೊತ್ತ ಹೇಳಿದಳು. ಎಷ್ಟೆಂದು ನಾನಿಲ್ಲಿ ಬರೆಯುವುದಿಲ್ಲ, ಅವಳ ಬೇರೆ ಗಿರಾಕಿಗಳೂ ಇದನ್ನು ಓದುತ್ತಾರೆ. ಅಪ್ಪನ ಗಲ್ಲಾದಲ್ಲಿ ಕೂತಿದ್ದರೆ ಅದನ್ನು ಸಂಪಾದಿಸಲು ಎರಡು ತಿಂಗಳು ಬೇಕಿತ್ತು ಎಂದರೆ ಸಾಕು.

"ಅಷ್ಟಾ?" ಎಂದರು ಯಜಮಾನರು, ಹುಬ್ಬು ಮೇಲೇರಿಸಿ.

ಅತ್ತೆಯ ತುಟಿ ಅಲುಗಿತು. ಒಳಗೆ ಆ ಹಳೆಯ ಮಾತುಗಳೆಲ್ಲ ಸಾಲುಗಟ್ಟಿ ನಿಂತಿವೆ ಎಂದು ನನಗೆ ಗೊತ್ತಿತ್ತು. ಹೆಚ್ಚು ಅನ್ಸಿದ್ರೆ ಹೇಳಿ, ಅರ್ಧ ಕೊಟ್ರೂ ನಡೆಯುತ್ತೆ, ಈಗ್ಲೇ ಬೇಕು ಅಂತಿಲ್ಲ. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು. ಒಂದು ಪದವೂ ಹೊರಗೆ ಬರಲಿಲ್ಲ. ಒಂದೊಂದನ್ನೂ ಅವಳು ಒಳಗೇ ಹೊಡೆದು ಹಾಕುತ್ತಿದ್ದಳು. ಅಷ್ಟು ಚೆನ್ನಾಗಿ ಅವಳು ಕಾಗದದ ಮೇಲೂ ತಿದ್ದಿದ್ದನ್ನು ನಾನು ನೋಡಿಲ್ಲ.

ಯಜಮಾನರು ಕಾದರು. ಹಾಳೆಯನ್ನು ಇನ್ನೊಮ್ಮೆ ಓದಿದರು, ಕಿಟಕಿಯಾಚೆ ಕೇರಂ ಕಡೆ ನೋಡಿದರು. "ಕೊಟ್ಟು ಕಳಿಸಿ," ಎಂದರು ಮ್ಯಾನೇಜರಿಗೆ. "ಹಾಗೇ ನಮ್ಮ ಗ್ಯಾರಂಟಿ ಕಾರ್ಡನ್ನೂ ಇವರಿಗೇ ಕೊಡಿ. ಅದು ನನಗೇ ಅರ್ಥ ಆಗಲ್ಲ."

ಸ್ಕೂಟರ್ ಹತ್ತಿದ ಮೇಲೆ ಅತ್ತೆ ನನ್ನ ಹೆಗಲು ಹಿಡಿದು ದಾರಿಯುದ್ದಕ್ಕೂ ಮಾತಾಡಿದಳು. ಅಲ್ಲಿ ತಡೆಹಿಡಿದದ್ದನ್ನೆಲ್ಲ ಬಡ್ಡಿ ಸಮೇತ ನನ್ನ ಕಿವಿಗೆ ಸುರಿದಳು. ನನಗೂ ಅವತ್ತು ಅದು ಬೇಕಿತ್ತು, ಅಷ್ಟು ಖುಷಿಯಾಗಿತ್ತು.

ಸಂಜೆ ಅಪ್ಪ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಅತ್ತೆ ತನ್ನ ಪಾಲಿನ ಖರ್ಚನ್ನು ಅಮ್ಮನ ಕೈಗೆ ಕೊಟ್ಟಾಗಿತ್ತು. ಅಪ್ಪ ವಿಷಯ ಕೇಳಿ ಕುರ್ಚಿಯಲ್ಲಿ ಕೂತ. ಸಂತೋಷವೂ ಇತ್ತು, ತಂಗಿ ಅಂಗಡಿಗೆ ಬರುವುದಿಲ್ಲವಲ್ಲ ಎಂಬ ಬೇಸರವೂ ಇತ್ತು. ಎರಡನ್ನೂ ಅವನ ಮುಖ ಮುಚ್ಚಿಡಲಾರದೆ ಹೋಯಿತು.

"ಹಾಗಾದ್ರೆ ನಾನು ಬೇರೆಯವರನ್ನ ಹುಡುಕಬೇಕು," ಎಂದ.

"ಹೂಂ, ಅಣ್ಣಾ."

"ಅಂಗಡಿ ಬಾಗಿಲಿಗೆ ಒಂದು ಬೋರ್ಡು ಹಾಕ್ತೀನಿ. ಬರೆದು ಕೊಡ್ತೀಯಾ?"

ಅತ್ತೆ ಬರೆದಳು, ಹೊಡೆದು ಹಾಕಿದಳು, ಕೊಟ್ಟಳು. "ಗಲ್ಲಾದಲ್ಲಿ ಕೂರಲು ಒಬ್ಬರು ಬೇಕು. ಲೆಕ್ಕ ಬರಬೇಕು. ಯಜಮಾನರು ಕೂಗಾಡುತ್ತಾರೆ, ಸಂಬಳ ತಪ್ಪಿಸುವುದಿಲ್ಲ." ಅಪ್ಪ ಓದಿ ಮೂತಿ ತಿರುವಿದ, ಮತ್ತೊಮ್ಮೆ ಓದಿದ, ಮಡಿಸಿ ಜೇಬಿಗೆ ಹಾಕಿಕೊಂಡ. ಅಂಗಡಿಯ ಬೋರ್ಡು, ಬಣ್ಣದ ಜಾಹೀರಾತು, ಗೋಡೌನ್ ಮಾಲೀಕನಿಗೆ ತಕರಾರು, ಅಲ್ಲಿಯವರೆಗೆ ಎಷ್ಟು ಬರೆಸಿಕೊಂಡಿದ್ದನೋ ಲೆಕ್ಕವಿಲ್ಲ. ಎದ್ದು ಹೊರಡುವವನು ನಿಂತ.

"ಎಷ್ಟು ಕೊಡಬೇಕು?" ಎಂದ.

ಅಡುಗೆಮನೆಯಲ್ಲಿ ಅಮ್ಮ ನಲ್ಲಿ ನಿಲ್ಲಿಸಿದಳು. ನಮ್ಮ ಮನೆಯಲ್ಲಿ ಅತ್ತೆಯನ್ನು ಯಾರೂ ಕೇಳಿರದ ಮಾತು ಅದು, ನಾನೂ ಕೇಳಿರಲಿಲ್ಲ. ಅತ್ತೆ ಮೊತ್ತ ಹೇಳಿ ಸುಮ್ಮನಾದಳು. ಕಮ್ಮಿಯೇನಿರಲಿಲ್ಲ. ಒಂದು ಹಿಡಿ ಮೊಳೆಗೂ ಚೌಕಾಸಿ ಮಾಡುವ ನಮ್ಮಪ್ಪನ ಬಾಯಿ ತೆರೆಯಿತು, ಹಾಗೇ ಮುಚ್ಚಿತು. ಪರ್ಸು ತೆಗೆದು ನೋಟುಗಳನ್ನು ಅವಳ ಕೈಗಿಟ್ಟ.

"ಸರಿಯಾಗಿದೆಯಾ ನೋಡ್ಕೊಳ್ಳಿ," ಎಂದ.

ಅಂಗಡಿಗೆ ಸಾಮಾನು ಹಾಕುವವರಿಗೆ ದುಡ್ಡು ಕೊಡುವಾಗ ಅಪ್ಪ ಹೇಳುವ ಮಾತು ಅದು. ಪುಟ್ಟಿಗೆ ಹೇಳಿದ್ದು ಅದೇ ಮೊದಲು. ಅತ್ತೆ ಅಣ್ಣನ ಎದುರಿಗೇ ನಿಂತು, ಒಂದೊಂದೇ ನೋಟು ಎಣಿಸಿ, "ಸರಿಯಾಗಿದೆ," ಎಂದಳು.