ಟ್ಯಾಂಕ್ ಮೂಸುವ ಮೇಸ್ತ್ರಿ

ಬೈಕಿನ ಪೆಟ್ರೋಲ್ ಟ್ಯಾಂಕ್ ತೂತಾದರೆ ಬೆಸುಗೆ ಹಾಕಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಒಳಗೆ ಒಂಚೂರು ಆವಿ ಉಳಿದಿದ್ದರೂ ಬೆಂಕಿ ತಗುಲಿದೊಡನೆ ಸಿಡಿಯುತ್ತದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಅಣ್ಣ ತಂಗಿ ಮಾತ್ರ ಒಪ್ಪುತ್ತಿದ್ದರು. ಅಣ್ಣ ತೊಳೆಯುವವನು, ತಂಗಿ ಬೆಸುಗೆ ಹಾಕುವವಳು. ಇಬ್ಬರಿಗೂ ಕಲಿಸಿದ್ದು ಅಪ್ಪ.

ಅಣ್ಣನ ಕೆಲಸ ನೋಡಲು ಚೆಂದ. ಪೆಟ್ರೋಲ್ ಬಸಿದು, ಅಡಿಯ ನಲ್ಲಿ ಬಿಚ್ಚಿ, ಬಿಸಿನೀರಿಗೆ ಸೋಪಿನ ಪುಡಿ ಬೆರೆಸಿ ಮೂರು ಸಲ ಕುಲುಕಿ ಚೆಲ್ಲಿ, ಎರಡು ದಿನ ಬಿಸಿಲಿಗಿಡುತ್ತಿದ್ದ. ಆಮೇಲೆ ಟ್ಯಾಂಕಿನ ಬಾಯಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ಸಂಗೀತ ಕೇಳುವವನ ಹಾಗೆ ತಲೆದೂಗಿ "ಆಯ್ತು" ಅನ್ನುತ್ತಿದ್ದ. ಅವನು ಆಯ್ತು ಅಂದು ಮುಚ್ಚಳ ಹಾಕಿ ಕೊಟ್ಟರೆ, ತಂಗಿ ಮರುಮಾತಿಲ್ಲದೆ ಅದನ್ನು ತೆಗೆದಿಟ್ಟು ಬೆಂಕಿ ಹಚ್ಚುವಳು. ಅಪ್ಪನ ಕಾಲದಲ್ಲಿ ಇನ್ನೂ ಒಂದು ಕ್ರಮವಿತ್ತು. ತೂತು ಮೇಲೆ ಬರುವಂತೆ ಟ್ಯಾಂಕನ್ನು ಇಟ್ಟು, ಅದರ ಅಂಚಿನವರೆಗೂ ನೀರು ತುಂಬಿಸುವುದು. ಆವಿಗೆ ಜಾಗವೇ ಇರಬಾರದು. ಮಗ ಅದನ್ನು ಕೈಬಿಟ್ಟ. ಇಂಥ ಮೂಗಿರುವಾಗ ನೀರಿನ ಹಂಗೇಕೆ ಎಂಬ ಜಂಭ. ಗಿರಾಕಿಗಳು 'ಮೂಗಿನ ಮೇಸ್ತ್ರಿ' ಎಂದು ಕರೆದು ಅವನನ್ನು ಇನ್ನಷ್ಟು ಉಬ್ಬಿಸಿದರು.

ಆ ಮೂಗು ಒಂದು ಜ್ವರದಲ್ಲಿ ಕೈಕೊಟ್ಟಿತು. ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದವನನ್ನು ಹೆಂಡತಿ ತರಾಟೆಗೆ ತೆಗೆದುಕೊಂಡಳು. ಅವನು ಶೆಡ್ಡಿಗೆ ಹೋಗಿ ಪೆಟ್ರೋಲ್ ಡಬ್ಬಿ ತೆರೆದು ಮೂಸಿದ. ಬರೀ ನೀರು ಮೂಸಿದ ಹಾಗಿತ್ತು. ಅವತ್ತೇ ತಂಗಿಗೆ ಹೇಳಬೇಕಿತ್ತು. ಹೇಳಲಿಲ್ಲ, ಪುಣ್ಯಾತ್ಮ. ಮೂರು ಸಲ ತೊಳೆಯುತ್ತಿದ್ದವನು ಆರು ಸಲ ತೊಳೆದ, ಎರಡು ದಿನದ ಬಿಸಿಲನ್ನು ನಾಲ್ಕು ದಿನ ಮಾಡಿದ. ನೀರು ತುಂಬಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು, ಆದರೆ ಈಗೇಕೆ ನೀರು ಎಂದು ಅವಳು ಕೇಳುವಳಲ್ಲ. ಎಂಟು ತಿಂಗಳು ಸುಮ್ಮನೆ ಮೂಗಿಟ್ಟು, ಸುಮ್ಮನೆ ತಲೆದೂಗಿ, "ಆಯ್ತು" ಅಂದ. ಅವಳು ಬೆಂಕಿ ಹಚ್ಚಿದಾಗಲೆಲ್ಲ ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತಿದ್ದ. ನಾಚಿಕೆ ಆಗುತ್ತಿರಲಿಲ್ಲವೆಂದಲ್ಲ, ಆಗುತ್ತಿತ್ತು, ಅದನ್ನೂ ನುಂಗಿಕೊಂಡ.

ಒಂದು ದಿನ ಹಳೇ ಟ್ಯಾಂಕ್ ಬಂತು. ಒಳಗೆಲ್ಲ ತುಕ್ಕು. ತುಕ್ಕಿನ ಪದರದಲ್ಲಿ ಪೆಟ್ರೋಲ್ ಅವಿತಿರುತ್ತದೆ, ಬಿಸಿ ತಾಗಿದಾಗ ಆವಿಯಾಗಿ ಏಳುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

"ತುಂಬಾ ತುಕ್ಕು ಹಿಡ್ದಿದೆ. ಇದಕ್ಕೊಂದಕ್ಕೆ ನೀರು ತುಂಬ್ಸೋಣ್ವಾ ಅಣ್ಣ?" ಎಂದಳು ತಂಗಿ.

"ಯಾಕೆ, ನನ್ ಮೇಲೆ ನಂಬಿಕೆ ಹೋಯ್ತಾ?"

"ಹಾಗಲ್ಲಪ್ಪ. ನೀನು ಆಯ್ತು ಅಂದ್ಮೇಲೆ ಆಯ್ತು."

ಅವಳು ಬೆಂಕಿ ಹಚ್ಚಿದಳು. ಢಮ್ಮೆಂದು ಟ್ಯಾಂಕಿನ ತಗಡು ಕೂಡುವ ಹೊಲಿಗೆ ಬಿಚ್ಚಿಕೊಂಡಿತು. ಬೆಸುಗೆಯ ಕನ್ನಡಕ ಇದ್ದುದರಿಂದ ಅವಳ ಕಣ್ಣು ಉಳಿದವು. ಎಡಹುಬ್ಬು ಸುಟ್ಟಿತು, ಮುಂಗೈ ಚರ್ಮ ಸುಲಿಯಿತು. ಅವನು ಓಡಿಬಂದು ಅವಳ ಕೈಗೆ ನೀರು ಸುರಿದ. ಸುರಿಯುತ್ತಲೇ ಅವನ ಬಾಯಿಂದ ಒಂದು ಮಾತು ಬಂತು.

"ಮುಚ್ಚಳ ತೆಗೆದಿರ್ಲಿಲ್ವಾ ನೀನು? ಗಾಳಿ ಹೋಗೋಕೆ ದಾರಿನೇ ಇರ್ಲಿಲ್ಲ."

ಮುಚ್ಚಳ ಬೆಂಚಿನ ಮೇಲಿತ್ತು. ಅದು ಅವನ ಕಣ್ಣಿಗೆ ಬಿದ್ದೂ ಇತ್ತು.

"ಮರೆತ್ನೇನೋ ಅಣ್ಣ," ಎಂದಳು ಅವಳು ನೋವಿನಲ್ಲೇ.

ಬೈಕಿನವನು ಬಂದಾಗ ತಪ್ಪು ತನ್ನದೇ ಎಂದು ಅವಳೇ ಕೈಮುಗಿದಳು. ಅತ್ತಿಗೆಯ ಮುಂದೆಯೂ ಅದನ್ನೇ ಹೇಳಿಕೊಂಡಳು. ಅಲ್ಲೇ ಊಟಕ್ಕೆ ಕೂತಿದ್ದ ಮೇಸ್ತ್ರಿ ತಟ್ಟೆ ನೋಡುತ್ತ ಅನ್ನ ಕಲಸುತ್ತಲೇ ಇದ್ದ. ಈಗ ಹೇಳಿಬಿಡುತ್ತೇನೆ, ಕೈ ತೊಳೆದ ಮೇಲೆ ಹೇಳುತ್ತೇನೆ, ನಾಳೆ ಖಂಡಿತ ಹೇಳುತ್ತೇನೆ ಎಂದುಕೊಳ್ಳುತ್ತ ವಾರ ತಳ್ಳಿದ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲೂ ಹೇಸಿಗೆಯಾಗುತ್ತಿತ್ತು.

ಎಂಟನೆಯ ದಿನ ಅವಳು ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಶೆಡ್ಡಿಗೆ ಬಂದಳು. ಬೆಸುಗೆಯ ಜಾಗಕ್ಕೆ ಹೋಗದೆ ಬಾಗಿಲಲ್ಲೇ ನಿಂತಳು.

"ಬೇರೆ ಯಾರನ್ನಾದ್ರೂ ನೋಡ್ಕೊ ಅಣ್ಣ. ಮುಚ್ಚಳ ತೆಗೆಯೋದನ್ನೇ ಮರೆಯೋಳು ಬೆಂಕಿ ಮುಟ್ಬಾರ್ದು. ಅಪ್ಪ ಇದ್ದಿದ್ರೂ ಇದನ್ನೇ ಹೇಳ್ತಿದ್ರು."

ಹದಿನೆಂಟು ವರ್ಷ ಒಂದು ಗೆರೆ ಓರೆಯಾಗದಂತೆ ಬೆಸುಗೆ ಹಾಕಿದ ಕೈ ಅದು. ತಾನಿನ್ನು ಬಾಯಿ ಬಿಡದಿದ್ದರೆ ಆ ಕೈ ಮತ್ತೆ ಈ ಕೆಲಸಕ್ಕೆ ಬರುವುದಿಲ್ಲ ಎಂದು ಅವನಿಗೆ ತಿಳಿಯಿತು.

"ಮುಚ್ಚಳ ನೀನು ತೆಗೆದಿದ್ದೆ," ಅಂದ, ನೆಲ ನೋಡುತ್ತ. "ಬೆಂಚಿನ ಮೇಲಿತ್ತು, ನಾನೇ ನೋಡ್ದೆ. ನಂಗೆ ವಾಸನೆನೇ ಗೊತ್ತಾಗಲ್ಲ ಕಣೇ. ಎಂಟು ತಿಂಗಳಾಯ್ತು."

ಅವಳು ಬಯ್ಯುತ್ತಾಳೆಂದು ಕಾದ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಸ್ಟೂಲ್ ಎಳೆದು ಮೆಲ್ಲಗೆ ಕೂತಳು.

"ಮೂಗು ಹೋದ್ರೆ ಯಾರೇನು ಮಾಡೋಕಾಗುತ್ತೆ? ನೀರು ತುಂಬ್ಸಿ ಕೆಲ್ಸ ಮಾಡ್ಕೊಂಡು ಹೋಗ್ತಿದ್ವಿ," ಎಂದಳು. ಆಮೇಲೆ ಅವನ ಕಡೆ ತಿರುಗಿದಳು. "ಆದ್ರೆ ನಾನು ದಿನಾ ನಿನ್ ಹತ್ರ ತಪ್ಪಾಯ್ತು ಅಣ್ಣ, ತಪ್ಪಾಯ್ತು ಅಂತಿದ್ನಲ್ಲ. ಪ್ರತಿ ಸಲ ನೀನು 'ಹೋಗ್ಲಿ ಬಿಡು' ಅಂದ್ಯಲ್ಲ. ಆ ಮಾತು ನಿನ್ ಬಾಯಲ್ಲಿ ಹೇಗೆ ಬಂತು?"