ಕೊನೆಯ ಸಾಲು ಬರುವವರೆಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಔಷಧಿ ಗೋದಾಮಿನ ಗೇಟಿನಲ್ಲಿ ವ್ಯಾನುಗಳು ಸಾಲಾಗಿ ನಿಂತಿವೆ, ಚಾಲಕರೊಬ್ಬರು ಆಗಲೇ ಹಾರ್ನ್ ಹೊಡೆಯಲು ಶುರುಮಾಡಿದ್ದಾರೆ. ಮಹಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ಬಾಲದಕ್ಕ ಕುರ್ಚಿಯ ತುದಿಯಲ್ಲಿ ಕುಳಿತು ಕಾಲು ಅಲ್ಲಾಡಿಸುತ್ತಿದ್ದಾರೆ. ಎದುರಿನ ಪರದೆಯ ಮೇಲೆ ಕೆಂಪು ಅಕ್ಷರ: ಫೈಲು ಅಪೂರ್ಣ.

ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆದರೆ ಗೋದಾಮಿನಲ್ಲಿ ಅದು ಯಾರ ನೆನಪಿನಲ್ಲೂ ಇಲ್ಲ. ಯಾವ ಆಸ್ಪತ್ರೆಗೆ ಯಾವ ಔಷಧಿ ಎಂದು ಶಾಖೆಗಳು ದಿನವೂ ಒಂದೊಂದು ಫೈಲು ಕಳಿಸುತ್ತವೆ. ಎಲ್ಲ ಸಾಲುಗಳಾದ ಮೇಲೆ, ಇಲ್ಲಿಗೆ ಮುಗಿಯಿತು, ಒಟ್ಟು ಇಷ್ಟು ಎಂದು ಹೇಳುವ ಒಂದು ಸಾಲು, ಇವರ ಬಾಯಲ್ಲಿ ಫೈಲಿನ ಬಾಲ, ಇರಲೇಬೇಕು. ಅದು ಕಾಣದಿದ್ದರೆ ಕಂಪನಿಯ ಸಾಫ್ಟ್‌ವೇರ್ ಇಡೀ ಫೈಲನ್ನೇ ಬೇಡವೆನ್ನುತ್ತದೆ. ಕಂಡಕಂಡವರಿಗೆ ಫೋನ್ ಮಾಡಿ ಬಾಲ ಎಲ್ಲಿ, ಬಾಲ ಎಲ್ಲಿ ಎಂದು ಕೇಳಿ ಕೇಳಿ ಇವರಿಗೆ ಈ ಹೆಸರು ಅಂಟಿಕೊಂಡಿದೆ. ಅಕ್ಕನ ಮುಂದೆ ಯಾರೂ ಬಾಲ ಬಿಚ್ಚುವ ಹಾಗಿಲ್ಲ ಎಂಬುದು ಚಾಲಕರ ತಮಾಷೆ.

ಇಂದು ತುಂಡಾಗಿ ಬಂದಿರುವುದು ಗುಡ್ಡದಾಚೆಯ ಶಾಖೆಯ ಫೈಲು. ಮ್ಯಾನೇಜರ್ ಬಾಗಿಲಿನಲ್ಲಿ ಬಂದು ನಿಲ್ಲುತ್ತಾರೆ. ಕೊನೆಯ ಸಾಲನ್ನು ನೀವೇ ಟೈಪ್ ಮಾಡಿ ಸೇರಿಸಿಬಿಡಿ, ವ್ಯಾನು ಹೊರಡಲಿ ಎನ್ನುತ್ತಾರೆ. ಅದೇನೂ ಬ್ರಹ್ಮವಿದ್ಯೆಯಲ್ಲ. ಬಾಲ ಅಂಟಿಸಿದರೆ ಸಾಫ್ಟ್‌ವೇರ್ ತೆಪ್ಪಗಾಗುತ್ತದೆ. ಬಾಲದಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯರು ಮೊದಲು ಕಲಿಸಿದ್ದೂ ಅದನ್ನೇ. ಹಾಗೆ ಫೈಲೊಂದಕ್ಕೆ ಬಾಲ ಅಂಟಿಸಿದ ಮರುದಿನ ಸಣ್ಣ ಕ್ಲಿನಿಕ್ಕಿನ ನರ್ಸೊಬ್ಬರು ಗೇಟಿನವರೆಗೂ ಬಂದು, ನಮ್ಮ ಡಬ್ಬಿ ಯಾಕೆ ಬರಲಿಲ್ಲ ಎಂದು ಕೇಳಿದ್ದರು. ಬೈಯಲಿಲ್ಲ, ಕೇಳಿದರು ಅಷ್ಟೇ. ಅಂದಿನಿಂದ ಬಾಲದಕ್ಕನಿಗೆ ಆ ಕೆಲಸಕ್ಕೆ ಕೈ ಬರುವುದಿಲ್ಲ.

"ತುಂಡಾದ್ರೆ ಹೋಗೋದು ಕೆಳಗಿನ ಸಾಲುಗಳು, ಸಾರ್," ಎನ್ನುತ್ತಾರೆ. "ಕೆಳಗಿರೋರು ಹೊಸದಾಗಿ ಸೇರಿದೋರು. ದೊಡ್ಡಾಸ್ಪತ್ರೆಗಳಿಗೆ ಏನೂ ಆಗಲ್ಲ. ಹೋದ ವಾರ ಸೇರಿದ ಹೆರಿಗೆ ಆಸ್ಪತ್ರೆ ಇದ್ರಲ್ಲಿ ಕಾಣ್ತಾನೇ ಇಲ್ಲ."

ಹೆರಿಗೆಯ ನಂತರ ರಕ್ತಸ್ರಾವ ನಿಲ್ಲಿಸುವ ಚುಚ್ಚುಮದ್ದು ಅಲ್ಲಿ ಮುಗಿಯುತ್ತ ಬಂದಿದೆ ಎಂದು ನಿನ್ನೆಯೇ ಫೋನ್ ಬಂದಿತ್ತು. ಗುಡ್ಡ ಹತ್ತುವ ವ್ಯಾನು ಇವತ್ತು ತಪ್ಪಿದರೆ ವಾರದ ಕೊನೆಗೇ. ಬಿಟ್ಟುಹೋದ ಸಾಲು ಅವರೊಬ್ಬರದೇ ಆಗಿದ್ದರೆ ಫೋನಿನಲ್ಲಿ ಕೇಳಿ ಸೇರಿಸಬಹುದಿತ್ತು, ಆದರೆ ಅವರ ಕೆಳಗೆ ಇನ್ನೂ ಯಾರಿದ್ದಾರೋ ಯಾರಿಗೆ ಗೊತ್ತು. ಮ್ಯಾನೇಜರ್ ಕಿಟಕಿಯಿಂದ ಕೆಳಗೆ ನೋಡಿ, ಉಳಿದ ವ್ಯಾನುಗಳು ತುಂಬುವವರೆಗೆ ಮಾತ್ರ ಕಾಯುವುದು ಎಂದು ಹೇಳಿ ಹೋಗುತ್ತಾರೆ.

ಬಾಲದಕ್ಕ ಫೋನ್ ಮಾಡಿದಾಗ ಶಾಖೆಯ ಗುಮಾಸ್ತರು ರಾತ್ರಿ ಪಾಳಿ ಮುಗಿಸಿ ಬಸ್ ಸ್ಟಾಪಿನಲ್ಲಿದ್ದಾರೆ. ಫೈಲು ಹೋಗುವುದನ್ನು ತೋರಿಸುವ ಪರದೆಯ ಹಸಿರು ಪಟ್ಟಿ ಪೂರ್ತಿ ತುಂಬಿದ್ದನ್ನು ನೋಡಿಯೇ ಕಂಪ್ಯೂಟರ್ ಮುಚ್ಚಿದ್ದು ಎಂದು ವಾದಿಸುತ್ತಾರೆ. ಎಲ್ಲ ಶಾಖೆಗಳಲ್ಲೂ ಇದೇ ಎಡವಟ್ಟು.

"ಅಣ್ಣ, ಅದು ಅಲ್ಲಿಂದ ಹೊರಟಿದ್ದಕ್ಕೆ ತುಂಬತ್ತೆ, ಇಲ್ಲಿಗೆ ಮುಟ್ಟಿದ್ದಕ್ಕಲ್ಲ. ವಾಪಸ್ ಹೋಗಿ ಇನ್ನೊಂದ್ಸಲ ಕಳಿಸಿ. ನಾನು ಬಂತು ಅನ್ನೋವರೆಗೂ ಮುಚ್ಚಬೇಡಿ."

ಫೋನಿನಲ್ಲಿ ಬಸ್ಸು ಬಂದು ನಿಂತ ಸದ್ದು, ಬಾಗಿಲು ಬಡಿದ ಸದ್ದು. ಆಮೇಲೆ ಲೈನ್ ಕಟ್ಟಾಗುತ್ತದೆ. ಅವರು ಹತ್ತಿದರೋ ಬಿಟ್ಟರೋ ತಿಳಿಯದು.

ಬಾಲದಕ್ಕ ಏಳುತ್ತಾರೆ, ಕೂರುತ್ತಾರೆ, ಮತ್ತೆ ಏಳುತ್ತಾರೆ. ನೋಡುವವರಿಗೇ ತಳಮಳ ಹತ್ತಿಕೊಳ್ಳುತ್ತದೆ. ಈ ಚಡಪಡಿಕೆ ಮನೆಯವರೆಗೂ ಹೋಗುತ್ತದಂತೆ. ಯಾರ ಮಾತನ್ನೂ ಅರ್ಧಕ್ಕೆ ಬಿಡಗೊಡುವುದಿಲ್ಲ, ಆಮೇಲೆ, ಆಮೇಲೆ ಎಂದು ಜೀವ ತಿನ್ನುತ್ತಾರೆ ಎಂದು ಗಂಡನ ದೂರು. ಮಗಳಂತೂ ಅಮ್ಮನನ್ನು ಕೆಣಕಲೆಂದೇ ಸ್ಕೂಲಿನಿಂದ ಬಂದೆ, ಊಟ ಮಾಡಿದೆ, ಮುಗೀತು ಎಂದು ವರದಿ ಒಪ್ಪಿಸುತ್ತಾಳೆ. ಇದನ್ನೆಲ್ಲ ಹೇಳುವಾಗ ಬಾಲದಕ್ಕ ನಗುತ್ತಾರೆ, ಕಣ್ಣು ಮಾತ್ರ ಪರದೆ ಬಿಟ್ಟು ಕದಲುವುದಿಲ್ಲ.

ಕೆಳಗೆ ಕೊನೆಯ ವ್ಯಾನಿನ ಬಾಗಿಲು ಹಾಕುತ್ತಿದ್ದಾರೆ. ಮ್ಯಾನೇಜರ್ ಮೆಟ್ಟಿಲು ಹತ್ತುವ ಸದ್ದು ಕೇಳಿಸುತ್ತದೆ. ಅಷ್ಟರಲ್ಲಿ ಪರದೆ ಮಿನುಗುತ್ತದೆ. ಗುಮಾಸ್ತರು ಬಸ್ಸು ಬಿಟ್ಟು ವಾಪಸ್ ಹೋಗಿ ಫೈಲು ಕಳಿಸಿದ್ದಾರೆ. ಬಾಲದಕ್ಕ ನೇರ ಫೈಲಿನ ತಳಕ್ಕಿಳಿಯುತ್ತಾರೆ. ಹೆರಿಗೆ ಆಸ್ಪತ್ರೆ ಇದೆ. ಅದರ ಕೆಳಗೆ, ಇಲ್ಲಿ ಯಾರಿಗೂ ಗೊತ್ತೇ ಇರದ ಇನ್ನೊಂದು ಕ್ಲಿನಿಕ್ ಇದೆ, ನಿನ್ನೆಯಷ್ಟೇ ಸೇರಿದ್ದು. ಅದರ ಕೆಳಗೆ ಬಾಲ. ಮ್ಯಾನೇಜರ್ ಆ ಹೊಸ ಹೆಸರನ್ನು ಎರಡು ಸಲ ಓದಿ, ಗುಡ್ಡದ ವ್ಯಾನನ್ನು ತಡೆಯಲು ತಾವೇ ಕೆಳಗೆ ಓಡುತ್ತಾರೆ. ಬಾಲದಕ್ಕ ಮೊದಲು ಮಾಡುವ ಕೆಲಸ, ಗುಮಾಸ್ತರಿಗೆ ಫೋನ್ ಮಾಡಿ ಬಂತು ಎಂದು ಹೇಳುವುದು.

ವ್ಯಾನುಗಳು ಹೊರಟ ಮೇಲೆ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮುಂದಿನ ಶಾಖೆಯ ನಂಬರ್ ಒತ್ತುತ್ತಲೇ ಉತ್ತರ ಕೊಡುತ್ತಾರೆ.

"ಆ ಹೆರಿಗೆ ಆಸ್ಪತ್ರೆ ಕೆಳಗೆ ಇನ್ನೊಂದು ನಾಲ್ಕು ಹೆಸರು ಸೇರ್ಲಿ. ಅದು ಸ್ವಲ್ಪ ಮೇಲೆ ಹೋಗತ್ತೆ, ಫೈಲು ತುಂಡಾದ್ರೂ ಅದಕ್ಕೆ ಅಷ್ಟು ಭಯ ಇರಲ್ಲ. ಕೆಳಗೆ ಬರೋ ಹೊಸಬರನ್ನ ಕಾಯೋಕೆ ನಾನಿದ್ದೀನಲ್ಲ."