ಮರಿಯಂ ಕಟ್ಟಿಸಿದ ಅಡುಗೆಮನೆ

ಕಳಸದಲ್ಲಿ ಮೆಣಸಿನ ವ್ಯಾಪಾರ ಮಾಡುತ್ತಿದ್ದ ಅಹಮದ್ ಸಾಹೇಬರು ತೀರಿಕೊಂಡಾಗ ಅವರ ಹೆಂಡತಿ ಮರಿಯಂಗೆ ನಲವತ್ತಾರು ವರ್ಷ. ಮಕ್ಕಳಿರಲಿಲ್ಲ. ಕಣ್ಣಿಗೆ ಆಗಲೇ ಮಂಜು ಕವಿದಿತ್ತು. ಒಲೆಯ ಉರಿ ಕೆಂಪಗೆ ಮಸುಕಾಗಿ ತೋರುತ್ತಿತ್ತು, ಎದುರಿಗೆ ನಿಂತವರ ಮುಖ ಕಾಣುತ್ತಿರಲಿಲ್ಲ. ಚಿಕ್ಕಮಗಳೂರಿನ ಡಾಕ್ಟರು ನೋಡಿ, ಇದು ವಾಸಿಯಾಗುವಂಥದ್ದಲ್ಲ ಅಂದರು. ಮೂಡಿಗೆರೆಯಿಂದ ತಮ್ಮ ಹಬೀಬುರ್ರಹ್ಮಾನ್ ಗಾಡಿ ತಂದು ಅಕ್ಕನನ್ನು ತನ್ನ ಮನೆಗೆ ಕರೆದುಕೊಂಡು ಹೋದ.

ಅಲ್ಲಿ ಯಾರೂ ಕೆಟ್ಟವರಲ್ಲ. ತಮ್ಮನ ಹೆಂಡತಿ ಜೊಹರಾ ಹೊತ್ತುಹೊತ್ತಿಗೆ ತಟ್ಟೆ ತಂದು ಕೈಗೆ ಕೊಡುತ್ತಿದ್ದಳು. ಒಂದು ದಿನ ಮರಿಯಂ ಈರುಳ್ಳಿ ಹೆಚ್ಚಲು ಕೂತಳು. ಜೊಹರಾ ಈಳಿಗೆಮಣೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, "ನೀವು ಹೊರಗೆ ಕೂತ್ಕೊಳ್ಳಿ ಆಪಾ, ನಾನು ಮಾಡ್ತೀನಿ" ಅಂದಳು.

ಹಾಗೆ ಹೊರಗೆ ಕೂತವಳು ಎರಡು ವರ್ಷ ಅಲ್ಲೇ ಕೂತಳು. ಗೋಡೆಯಾಚೆ ಒಗ್ಗರಣೆ ಸಿಡಿಯುವಾಗ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ. ಮನೆ ತುಂಬ ಜನ, ಮಾತಾಡಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಕೂತಲ್ಲೇ ಅವಳು ಮನಸ್ಸಿನಲ್ಲಿ ಒಂದು ಅಡುಗೆಮನೆ ಕಟ್ಟತೊಡಗಿದಳು. ಒಲೆ ಇಲ್ಲಿದ್ದರೆ ನೀರು ಎಲ್ಲಿ? ಸೌದೆ ಯಾವ ಕೈಗೆ? ದಿನವೂ ಒಂದೊಂದನ್ನು ಇಟ್ಟು ನೋಡುವಳು, ತೆಗೆದು ಬೇರೆ ಕಡೆ ಇಡುವಳು.

ಕೊನೆಗೆ ತಮ್ಮನನ್ನು ಕರೆದು ಹೇಳಿದಳು. "ಕಳಸದ ಮನೆ ಹಿಂದೆ ಮೆಣಸು ತುಂಬೋ ಕೋಣೆ ಖಾಲಿ ಇದೆಯಲ್ಲ, ಅಲ್ಲೊಂದು ಒಲೆ ಹಾಕಿಸ್ಕೊಡು. ನಾನು ಅಲ್ಲೇ ಇರ್ತೀನಿ."

"ಇಲ್ಲಿ ನಿಂಗೆ ಏನು ಕಡಿಮೆ ಆಯ್ತು, ಆಪಾ?"

"ಏನೂ ಇಲ್ಲ. ಮಾಡೋಕೆ ಕೆಲಸ ಇಲ್ಲ, ಅಷ್ಟೆ."

ಮಳೆಗಾಲ ಮುಗಿದ ಮೇಲೆ ಅವನು ಕಳಸಕ್ಕೆ ಗಾಡಿ ಕಟ್ಟಿಸಿದ. ಅದು ದೊಡ್ಡ ಯುದ್ಧ ಶುರುವಾಗುವ ಹಿಂದಿನ ವರ್ಷ.

ಒಲೆ ಹಾಕಲು ಬಂದ ಗಾರೆ ಕೆಲಸದ ಭೂತಯ್ಯನಿಗೆ, ಕಣ್ಣು ಕಾಣದವಳಿಗೆ ಬೆಂಕಿಯ ಸಹವಾಸ ಯಾಕೆ ಅನ್ನಿಸಿತು. ಮರಿಯಂ ಖಾಲಿ ಕೋಣೆಯ ನಡುವೆ ಮಣೆ ಹಾಕಿಸಿಕೊಂಡು ಕೂತು ಎರಡೂ ಕೈ ಚಾಚಿದಳು. "ನನ್ನ ಬೆರಳು ಮುಟ್ಟೋ ಕಡೆ ಇದ್ದಿಲಲ್ಲಿ ಗುರುತು ಹಾಕು."

ಮುಂದೆ ಒಂದು ಮೊಳಕ್ಕೆ ಒಲೆ. ಎಡಗೈಗೆ ನೀರಿನ ಹಂಡೆ, ಬಲಗೈಗೆ ಸೌದೆ. ಮಡಕೆ ಜಾರದಂತೆ ಒಲೆಯ ಸುತ್ತ ಒಂದು ಗೇಣು ಕಟ್ಟೆ. ಉಪ್ಪಿಗೆ ಕಿರುಬಾಯಿಯ ಜಾಡಿ, ಖಾರದಪುಡಿಗೆ ಅಗಲಬಾಯಿಯದು, ಕೈ ತಪ್ಪದ ಹಾಗೆ. ಕಿಟಕಿ ಎಲ್ಲಿ ಬೇಕೆಂದು ಕೇಳಿದಾಗ ಅವಳು ಹೊರಗೆ ಹೋಗಿ ಗಾಳಿಗೆ ಮುಖವೊಡ್ಡಿ ನಿಂತು ಬಂದಳು.

"ಪಡುವಣ ಗೋಡೆಯಲ್ಲಿ ಬೇಡ. ಆ ಕಡೆ ಗಾಳಿ ಹೊಗೇನ ಒಳಗೇ ತಳ್ಳುತ್ತೆ."

"ಬಡಗಣ ಗೋಡೇಲಿ ಮಾಡಿದ್ರೆ ಬೆಳಕು ಬರಲ್ಲ, ಬೂಬಮ್ಮ."

"ಬೆಳಕು ತಗೊಂಡು ನಾನೇನು ಮಾಡ್ಲಿ?"

ಭೂತಯ್ಯ ಕೆಲಸಕ್ಕೆ ತೊಡಗಿದ. ನೀರು ಸೇದಿ ಹಂಡೆ ತುಂಬಿಸಿ ಕೊಡಲು ಪಕ್ಕದ ಮನೆಯ ದೇವೀರಮ್ಮ ಒಪ್ಪಿದಳು.

ಮೊದಲನೆಯ ದಿನವೇ ಮರಿಯಂ ಎಡಗೈ ಸುಟ್ಟುಕೊಂಡಳು. ಕೈಗೆ ಜೇನು ಸವರಿಕೊಂಡು ಭೂತಯ್ಯನಿಗೆ ಹೇಳಿಕಳಿಸಿದಳು. ಅವನು ಬಂದು ಒಲೆ ನೋಡಿ ತಡವರಿಸಿದ.

"ಎರಡು ಬೆರಳಷ್ಟು ಮುಂದಕ್ಕೆ ತಂದಿದ್ದೆ. ನೀವು ಬಗ್ಗೋದು ತಪ್ಪಲಿ ಅಂತ."

"ನಿಂಗೆ ಅದು ಎರಡು ಬೆರಳು, ಭೂತಯ್ಯ. ನಾನು ನೋಡೋದೇ ಆ ಅಳತೇಲಿ."

ಅವನು ಅವತ್ತೇ ಒಲೆ ಒಡೆದು ಹೊಸದು ಹಾಕಿದ. ಈ ಸಲ ಹಸಿಮಣ್ಣಿನ ಮೇಲೆ ಅವಳ ಕೈಯನ್ನೇ ಇಡಿಸಿ, ಸರಿ ಅನ್ನಿಸಿಕೊಂಡ ಮೇಲೆ ಮೆತ್ತಿದ. ಕೂಲಿ ಮುಟ್ಟಲಿಲ್ಲ.

ಆಮೇಲೆ ಅವಳು ಕೈ ಸುಟ್ಟುಕೊಂಡದ್ದಿಲ್ಲ. ಅನ್ನ ಕುದಿಯುವ ಸದ್ದಿನಲ್ಲೇ ಹದ ತಿಳಿಯುತ್ತಿತ್ತು. ರೊಟ್ಟಿ ಬೆಂದದ್ದು ವಾಸನೆಗೇ ಗೊತ್ತಾಗುತ್ತಿತ್ತು. ದೇವೀರಮ್ಮ ಬೆಳಿಗ್ಗೆ ನೀರು ತುಂಬಿ, ಎರಡು ಮಾತಾಡಿ ಹೋದರೆ ಮತ್ತೆ ಮಾರನೆಯ ದಿನವೇ ಮನುಷ್ಯರ ದನಿ. ಕೆಲವೊಮ್ಮೆ ಮರಿಯಂ ಒಲೆಗೇ ಏನಾದರೂ ಹೇಳುತ್ತಿದ್ದಳು. ಮೂಡಿಗೆರೆಯಲ್ಲೂ ಒಂಟಿಯೇ, ಇಲ್ಲೂ ಒಂಟಿಯೇ. ಇಲ್ಲಿ ಕೈಗಾದರೂ ಕೆಲಸವಿತ್ತು.

ಮಾಘದ ಚಳಿಯಲ್ಲಿ ತಮ್ಮ ಬಂದ. ಅವಳು ಅಕ್ಕಿರೊಟ್ಟಿ ತಟ್ಟಿದಳು, ಒಣಮೀನಿನ ಸಾರು ಕಾಯಿಸಿದಳು. ಅವನು ಬಾಗಿಲಲ್ಲಿ ಕೂತು ಅವಳ ಕೈಗಳನ್ನೇ ನೋಡಿದ. ಒಂದು ಕಡೆಯೂ ಅವು ತಡಕಲಿಲ್ಲ. ನಾಲ್ಕು ರೊಟ್ಟಿ ತಿಂದು, "ಅಮ್ಮನ ಕೈದೇ ರುಚಿ" ಅಂದ. ವಾಪಸು ಬಾ ಅಂತ ಕರೆಯಲು ಬಂದಿದ್ದ, ಕರೆಯದೆ ಹೊರಟುಹೋದ.

ಗಾಡಿಯ ಸದ್ದು ದೂರವಾದ ಮೇಲೆ ಮರಿಯಂ ಅವನ ತಟ್ಟೆ ತೊಳೆದಳು. ತೊಳೆದು, ಇಡಲು ಕೈ ಚಾಚಿದಳು. ಗೋಡೆಯ ಗೂಡಿನಲ್ಲಿ ಇದ್ದದ್ದು ಒಂದೇ ತಟ್ಟೆಯ ಜಾಗ, ಅಲ್ಲಿ ಅವಳ ತಟ್ಟೆ ಇತ್ತು. ಇಷ್ಟೆಲ್ಲ ಯೋಚಿಸಿ ಕಟ್ಟಿಸಿದವಳಿಗೆ ಇನ್ನೊಬ್ಬರು ಉಣ್ಣಲು ಬಂದಾರು ಅನ್ನುವುದು ಹೊಳೆದೇ ಇರಲಿಲ್ಲ. ಒದ್ದೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಒಲೆಯ ಮುಂದೆ ತುಂಬ ಹೊತ್ತು ಕೂತಿದ್ದಳು.